ಆರಂಭಿಕ ರುಮಟಾಯ್ಡ್ ಸಂಧಿವಾತದ ತೀವ್ರತೆ ಮತ್ತು ವಂಶವಾಹಿಗಳ ಪಾತ್ರ

ಒಂದೇ ಹೆಸರಿನ ರೋಗವು ಇಬ್ಬರು ವ್ಯಕ್ತಿಗಳಲ್ಲಿ ಎರಡು ಬಗೆಯಾಗಿ ವರ್ತಿಸುವುದು ವೈದ್ಯಶಾಸ್ತ್ರಕ್ಕೆ ಹೊಸದೇನೂ ಅಲ್ಲ. ಆದರೆ ರುಮಟಾಯ್ಡ್ ಸಂಧಿವಾತದಲ್ಲಿ ಈ ಭಿನ್ನತೆ ವಿಶೇಷವಾಗಿ ಎದ್ದು ಕಾಣುತ್ತದೆ. ಬೆರಳಿನ ಗೆಣ್ಣುಗಳ ಊತ, ಬೆಳಗಿನ ಹೊತ್ತು ಕೈಕಾಲುಗಳ ಬಿಗಿತ ಎಂಬ ಒಂದೇ ಬಗೆಯ ತೊಂದರೆಗಳೊಡನೆ ವೈದ್ಯರ ಬಳಿಗೆ ಬಂದ ಇಬ್ಬರಲ್ಲಿ ಒಬ್ಬರ ಕೀಲುಗಳು ಹತ್ತು ವರ್ಷಗಳ ಅನಂತರವೂ ಬಹುಮಟ್ಟಿಗೆ ಸುಸ್ಥಿತಿಯಲ್ಲಿ ಉಳಿಯಬಹುದು. ಮತ್ತೊಬ್ಬರಲ್ಲಿ ಎರಡು ವರ್ಷ ತುಂಬುವುದರೊಳಗೆ ಮೂಳೆಗಳು ಸವೆದು, ಬೆರಳುಗಳು ಸೊಟ್ಟಗಾಗಿ, ಲೋಟ ಹಿಡಿಯುವುದೂ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗಬಹುದು. ಈ ವ್ಯತ್ಯಾಸಕ್ಕೆ ಹುಟ್ಟಿನಿಂದಲೇ ಬಂದ ವಂಶವಾಹಿಗಳು ಎಷ್ಟರಮಟ್ಟಿಗೆ ಕಾರಣ ಎಂಬ ಪ್ರಶ್ನೆಗೆ ಕಳೆದ ಐದು ದಶಕಗಳ ಸಂಶೋಧನೆ ಹಲವು ಉತ್ತರಗಳನ್ನು ಒದಗಿಸಿದೆ.

ಈ ಚರ್ಚೆಯಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವುದು ಅತ್ಯಗತ್ಯ. ರೋಗ ಯಾರಿಗೆ ಬರುತ್ತದೆ ಎಂಬುದು ಮೊದಲನೆಯದು. ಬಂದ ರೋಗ ಯಾರಲ್ಲಿ ಉಗ್ರವಾಗುತ್ತದೆ ಎಂಬುದು ಎರಡನೆಯದು. ಇವೆರಡಕ್ಕೂ ಒಂದೇ ಉತ್ತರವೆಂದು ಬಹುಕಾಲ ಭಾವಿಸಲಾಗಿತ್ತು. ಈಗ ತಿಳಿದುಬಂದಿರುವಂತೆ ಇವುಗಳ ಉತ್ತರಗಳು ಒಂದು ಮುಖ್ಯ ಸ್ಥಳದಲ್ಲಿ ಸಂಧಿಸುತ್ತವೆ, ಉಳಿದೆಡೆ ಬೇರೆಯಾಗುತ್ತವೆ.

ರೋಗದ ಸ್ವರೂಪ ಮತ್ತು ಆರಂಭಿಕ ಹಂತದ ಮಹತ್ವ

ಭಾರತೀಯ ವೈದ್ಯ ಪರಂಪರೆಯಲ್ಲಿ ಮಾಧವನಿದಾನವು ವರ್ಣಿಸುವ ಆಮವಾತಕ್ಕೂ ಈ ರೋಗಕ್ಕೂ ಹೋಲಿಕೆಗಳಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಆಧುನಿಕ ವೈದ್ಯಕೀಯದಲ್ಲಿ ಇದರ ಮೊದಲ ಸ್ಪಷ್ಟ ವರ್ಣನೆ 1800ರಲ್ಲಿ ಪ್ಯಾರಿಸ್‌ನ ಲಾಂಡ್ರೆ-ಬೋವೆ ಅವರ ಪ್ರಬಂಧದಲ್ಲಿ ದೊರೆಯುತ್ತದೆ. ರುಮಟಾಯ್ಡ್ ಸಂಧಿವಾತ ಎಂಬ ಹೆಸರನ್ನು 1859ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರೋಡ್ ಬಳಕೆಗೆ ತಂದರು.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತನ್ನ ಅಂಗಾಂಶದ ಮೇಲೆ ತಿರುಗಿಬೀಳುವ ರೋಗಗಳ ಗುಂಪಿಗೆ ಇದು ಸೇರಿದೆ. ಕೀಲುಗಳ ಒಳಮೈಯನ್ನು ಆವರಿಸಿರುವ ಸೈನೋವಿಯಮ್ ಎಂಬ ತೆಳುವಾದ ಪೊರೆಯಲ್ಲಿ ಉರಿಯೂತ ಉಂಟಾಗುತ್ತದೆ. ಪೊರೆ ದಪ್ಪನಾಗಿ ಬೆಳೆದು ಮೃದ್ವಸ್ಥಿಯ ಮೇಲೆ ಹರಡುತ್ತದೆ. ಅಲ್ಲಿ ಉತ್ಪತ್ತಿಯಾಗುವ ಟಿಎನ್ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕ ಸಂಕೇತಗಳು ಮೂಳೆಯನ್ನು ಕರಗಿಸುವ ಕೋಶಗಳನ್ನು ಪ್ರಚೋದಿಸುತ್ತವೆ. ಹೀಗೆ ಒಮ್ಮೆ ಸವೆದ ಮೂಳೆ ಮತ್ತೆ ಮೊದಲಿನಂತಾಗುವುದು ಅಪರೂಪ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗ ಎರಡರಿಂದ ಮೂರು ಪಟ್ಟು ಹೆಚ್ಚು.

ರೋಗಲಕ್ಷಣಗಳು ಕಾಣಿಸಿಕೊಂಡ ಮೊದಲ ಎರಡು ವರ್ಷಗಳನ್ನು ಸಾಮಾನ್ಯವಾಗಿ ಆರಂಭಿಕ ಹಂತವೆನ್ನುತ್ತಾರೆ; ಇತ್ತೀಚಿನ ಅಧ್ಯಯನಗಳು ಮೊದಲ ಕೆಲವು ತಿಂಗಳುಗಳಿಗೇ ಹೆಚ್ಚಿನ ಮಹತ್ವ ಕೊಡುತ್ತವೆ. ತೀವ್ರತೆಯನ್ನು ಅಳೆಯಲು ಹಲವು ಮಾನಗಳಿವೆ. ಊದಿದ ಮತ್ತು ನೋಯುವ ಕೀಲುಗಳ ಎಣಿಕೆ ಒಂದು. ಕೈಕಾಲುಗಳ ಎಕ್ಸ್-ರೇ ಚಿತ್ರಗಳಲ್ಲಿ ಮೂಳೆಯ ಸವೆತಕ್ಕೂ ಕೀಲಿನ ನಡುವಣ ಅಂತರ ಕಿರಿದಾಗುವುದಕ್ಕೂ ಅಂಕ ಕೊಡುವ ವಿಧಾನ ಇನ್ನೊಂದು. ದೈನಂದಿನ ಕೆಲಸಗಳಲ್ಲಿನ ಸಾಮರ್ಥ್ಯವನ್ನು ಪ್ರಶ್ನಾವಳಿಯ ಮೂಲಕ ತಿಳಿಯುವುದು ಮತ್ತೊಂದು. ಇವುಗಳಲ್ಲಿ ಎಕ್ಸ್-ರೇ ಅಂಕಗಳು ವಸ್ತುನಿಷ್ಠವಾದುದರಿಂದ ತಳಿವಿಜ್ಞಾನದ ಸಂಶೋಧನೆಗಳು ಹೆಚ್ಚಾಗಿ ಅವನ್ನೇ ಅವಲಂಬಿಸಿವೆ.

ಅವಳಿಗಳು ಮತ್ತು ವಂಶಾವಳಿಗಳು ಹೇಳುವುದೇನು

ಯಾವುದೇ ರೋಗದಲ್ಲಿ ಆನುವಂಶಿಕತೆಯ ಪಾಲನ್ನು ತೂಗಲು ಅವಳಿಗಳ ಅಧ್ಯಯನ ಒಂದು ಹಳೆಯ ಮತ್ತು ವಿಶ್ವಾಸಾರ್ಹ ಮಾರ್ಗ. ಬ್ರಿಟನ್ನಿನಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಮರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದಾಗ ಇನ್ನೊಬ್ಬರಿಗೂ ಇದ್ದುದು ಶೇಕಡ 15ರಷ್ಟು ಜೋಡಿಗಳಲ್ಲಿ ಮಾತ್ರ. ಭಿನ್ನರೂಪಿ ಅವಳಿಗಳಲ್ಲಿ ಈ ಪ್ರಮಾಣ ಶೇಕಡ 4ಕ್ಕಿಂತ ಕಡಿಮೆ. ಎರಡರ ನಡುವಣ ಅಂತರ ವಂಶವಾಹಿಗಳ ಪ್ರಭಾವವನ್ನು ಸೂಚಿಸುತ್ತದೆ. ಆದರೆ ಸಂಪೂರ್ಣವಾಗಿ ಒಂದೇ ವಂಶವಾಹಿಗಳನ್ನು ಪಡೆದ ಅವಳಿಗಳಲ್ಲಿಯೂ ನೂರಕ್ಕೆ 85 ಜೋಡಿಗಳಲ್ಲಿ ಇನ್ನೊಬ್ಬರಿಗೆ ರೋಗ ಬಂದಿರಲಿಲ್ಲ ಎಂಬ ಅಂಶವೂ ಅಷ್ಟೇ ಮುಖ್ಯ.

ಫಿನ್ಲೆಂಡ್ ಮತ್ತು ಬ್ರಿಟನ್ನಿನ ಅವಳಿಗಳ ಮಾಹಿತಿಯನ್ನು ವಿಶ್ಲೇಷಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವು ರೋಗಕ್ಕೆ ಒಳಗಾಗುವಿಕೆಯಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇಕಡ 60 ಎಂದು ಅಂದಾಜಿಸಿತು. ಈ ಸಂಖ್ಯೆಯನ್ನು ತಪ್ಪಾಗಿ ಗ್ರಹಿಸುವ ಸಂಭವ ಹೆಚ್ಚು. ರೋಗಿಯ ಮಕ್ಕಳಿಗೆ ರೋಗ ಬರುವ ಸಾಧ್ಯತೆ ಶೇಕಡ 60 ಎಂಬುದು ಇದರ ಅರ್ಥವಲ್ಲ. ಒಂದು ಜನಸಮುದಾಯದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ಭಿನ್ನತೆಯಲ್ಲಿ ಎಷ್ಟು ಪಾಲು ವಂಶವಾಹಿಗಳ ಭಿನ್ನತೆಯಿಂದ ಬಂದಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಇವೆಲ್ಲ ರೋಗದ ಬರುವಿಕೆಗೆ ಸಂಬಂಧಿಸಿದವು. ತೀವ್ರತೆಯ ವಿಷಯದಲ್ಲಿ ಬೆಲೆಬಾಳುವ ಸಾಕ್ಷ್ಯ ಐಸ್‌ಲೆಂಡಿನಿಂದ ಬಂದಿತು. ಆ ದೇಶದ ವಂಶಾವಳಿಯ ದಾಖಲೆಗಳು ಶತಮಾನಗಳಷ್ಟು ಹಿಂದಕ್ಕೆ ಹೋಗುವುದರಿಂದ ರೋಗಿಗಳು ಪರಸ್ಪರ ಎಷ್ಟು ದೂರದ ಸಂಬಂಧಿಗಳೆಂಬುದನ್ನು ನಿಖರವಾಗಿ ಗುರುತಿಸಬಹುದು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ರೋಗಿಗಳ ಎಕ್ಸ್-ರೇ ಚಿತ್ರಗಳನ್ನು ಅವರ ಬಂಧುತ್ವದೊಡನೆ ಹೋಲಿಸಿದಾಗ, ಕೀಲುಗಳು ಹಾಳಾಗುವ ವೇಗದಲ್ಲಿನ ಭಿನ್ನತೆಯ ಶೇಕಡ 45ರಿಂದ 58ರಷ್ಟು ಪಾಲನ್ನು ಆನುವಂಶಿಕತೆಯಿಂದ ವಿವರಿಸಬಹುದೆಂದು ಕಂಡುಬಂದಿತು. ತೀವ್ರತೆಯೂ ಭಾಗಶಃ ಕುಲದಿಂದ ಬರುವ ಗುಣವೆಂಬುದಕ್ಕೆ ಇದು ಗಟ್ಟಿಯಾದ ಆಧಾರ. ಆ ಪಾಲನ್ನು ಹೊತ್ತಿರುವ ವಂಶವಾಹಿಗಳು ಯಾವುವು ಎಂಬುದು ಮುಂದಿನ ಪ್ರಶ್ನೆ.

ಆರನೆಯ ವರ್ಣತಂತುವಿನ ಮೇಲಿನ ಸುಳಿವು

ಮಾನವನ ಆರನೆಯ ವರ್ಣತಂತುವಿನ ಮೇಲೆ ಎಚ್ಎಲ್ಎ ಎಂಬ ವಂಶವಾಹಿಗಳ ಸಮೂಹವಿದೆ. ಇವು ರೂಪಿಸುವ ಪ್ರೋಟೀನುಗಳು ಕೋಶದ ಹೊರಮೈಯಲ್ಲಿ ನಿಂತು, ಒಳಗೆ ತುಂಡರಿಸಲ್ಪಟ್ಟ ಬೇರೆ ಪ್ರೋಟೀನುಗಳ ಚೂರುಗಳನ್ನು ತಮ್ಮ ಕುಳಿಯಲ್ಲಿ ಹಿಡಿದು ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳಿಗೆ ತೋರಿಸುತ್ತವೆ. ಯಾವ ಚೂರನ್ನು ಹಿಡಿಯಬಲ್ಲವು, ಯಾವುದನ್ನು ಹಿಡಿಯಲಾರವು ಎಂಬುದು ಆ ಕುಳಿಯ ಆಕಾರವನ್ನು ಅವಲಂಬಿಸಿದೆ. ಆ ಆಕಾರ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆ.

1978ರಲ್ಲಿ ಅಮೆರಿಕದ ಡಲ್ಲಾಸ್‌ನ ಪೀಟರ್ ಸ್ಟಾಸ್ನಿ ಅವರು ಡಿಆರ್4 ಎಂಬ ಎಚ್ಎಲ್ಎ ರೂಪವು ರುಮಟಾಯ್ಡ್ ರೋಗಿಗಳಲ್ಲಿ ಶೇಕಡ 70ರಷ್ಟು ಮಂದಿಯಲ್ಲಿಯೂ ಆರೋಗ್ಯವಂತರಲ್ಲಿ ಶೇಕಡ 28ರಷ್ಟು ಮಂದಿಯಲ್ಲಿಯೂ ಇರುವುದನ್ನು ತೋರಿಸಿದರು. ಆದರೆ ಡಿಆರ್4 ಇಲ್ಲದ ರೋಗಿಗಳೂ ಇದ್ದರು. ಈ ತೊಡಕನ್ನು 1987ರಲ್ಲಿ ಪೀಟರ್ ಗ್ರೆಗರ್ಸನ್, ಜ್ಯಾಕ್ ಸಿಲ್ವರ್ ಮತ್ತು ರಾಬರ್ಟ್ ವಿಂಚೆಸ್ಟರ್ ಬಿಡಿಸಿದರು. ರೋಗದೊಡನೆ ನಂಟಿರುವ ಬೇರೆಬೇರೆ ರೂಪಗಳೆಲ್ಲವೂ ಡಿಆರ್‌ಬಿ1 ಪ್ರೋಟೀನಿನ 70ರಿಂದ 74ರವರೆಗಿನ ಐದು ಸ್ಥಾನಗಳಲ್ಲಿ ಒಂದೇ ಬಗೆಯ ಅಮೈನೋ ಆಮ್ಲಗಳ ಸರಣಿಯನ್ನು ಹೊಂದಿವೆ ಎಂದು ಅವರು ಗುರುತಿಸಿದರು. ‘ಸಮಾನ ಎಪಿಟೋಪ್’ ಎಂದು ಕರೆಯಬಹುದಾದ ಈ ಪರಿಕಲ್ಪನೆ ಮುಂದಿನ ಎಲ್ಲ ಸಂಶೋಧನೆಗಳಿಗೆ ಬುನಾದಿಯಾಯಿತು.

ತೀವ್ರತೆಯ ಪ್ರಶ್ನೆ ಮುನ್ನೆಲೆಗೆ ಬಂದದ್ದು 1992ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್‌ನ ಕಾರ್ನೆಲಿಯಾ ವೇಯಾಂಡ್ ಮತ್ತು ಸಂಗಡಿಗರು, ತಂದೆ ಮತ್ತು ತಾಯಿ ಇಬ್ಬರಿಂದಲೂ ಸಮಾನ ಎಪಿಟೋಪ್ ಪಡೆದ ರೋಗಿಗಳಲ್ಲಿ ಚರ್ಮದಡಿಯ ಗಂಟುಗಳು, ಕೀಲುಗಳಾಚೆಗಿನ ಅಂಗಗಳಿಗೆ ತಗಲುವ ಹಾನಿ ಮತ್ತು ಕೀಲಿನ ಶಸ್ತ್ರಚಿಕಿತ್ಸೆಯ ಅಗತ್ಯ ಹೆಚ್ಚೆಂದು ವರದಿ ಮಾಡಿದರು. ಒಂದು ಪ್ರತಿಗಿಂತ ಎರಡು ಪ್ರತಿಗಳು ಹೆಚ್ಚು ಉಗ್ರವೆಂಬ ಈ ನಿರೂಪಣೆ ಬಹಳ ಆಕರ್ಷಕವಾಗಿತ್ತು. ಆದರೆ ಇಂಥ ಅಧ್ಯಯನಗಳಿಗೆ ಒಂದು ಮಿತಿಯಿತ್ತು. ದೊಡ್ಡ ಆಸ್ಪತ್ರೆಗಳಿಗೆ ಬರುವವರು ಹೆಚ್ಚಾಗಿ ಬಹುಕಾಲದ, ಕಠಿಣವಾದ ರೋಗವುಳ್ಳವರು. ಸೌಮ್ಯ ರೋಗವುಳ್ಳವರು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಈ ಕೊರತೆಯನ್ನು ತುಂಬಿದ್ದು ರೋಗದ ಮೊದಲ ದಿನಗಳಿಂದಲೇ ರೋಗಿಗಳನ್ನು ನೋಂದಾಯಿಸಿ ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನಗಳು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ 1990ರಿಂದಲೂ ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ 1993ರಿಂದಲೂ ಇಂಥ ನೋಂದಣಿ ನಡೆದಿದೆ. ಆರಂಭಿಕ ಸಂಧಿವಾತದ ತೀವ್ರತೆಯ ಬಗ್ಗೆ ಇಂದು ಖಚಿತವಾಗಿ ಹೇಳಬಹುದಾದ ಮಾತುಗಳಲ್ಲಿ ಬಹುಪಾಲು ಇಂಥ ತಾಳ್ಮೆಯ ದಾಖಲೆಗಳ ಫಲ.

ಪ್ರತಿಕಾಯದ ಹಾದಿ

ವಂಶವಾಹಿಯಿಂದ ಮೂಳೆಯ ಸವೆತದವರೆಗಿನ ಹಾದಿಯಲ್ಲಿ ಒಂದು ಮುಖ್ಯ ಕೊಂಡಿ 1998ರಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿಗಳಿಗೆ ದೊರೆಯಿತು. ಪ್ರೋಟೀನುಗಳಲ್ಲಿರುವ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಕೆಲವು ಕಿಣ್ವಗಳು ಸಿಟ್ರುಲಿನ್ ಆಗಿ ಮಾರ್ಪಡಿಸುತ್ತವೆ. ಇದು ದೇಹದಲ್ಲಿ ಸಹಜವಾಗಿಯೇ ನಡೆಯುವ ಕ್ರಿಯೆ. ಆದರೆ ರುಮಟಾಯ್ಡ್ ರೋಗಿಗಳಲ್ಲಿ ಅನೇಕರ ರಕ್ತದಲ್ಲಿ ಹೀಗೆ ಮಾರ್ಪಟ್ಟ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳಿರುತ್ತವೆ. ವೈದ್ಯರು ಇಂದು ಬರೆದುಕೊಡುವ ಆ್ಯಂಟಿ-ಸಿಸಿಪಿ ರಕ್ತಪರೀಕ್ಷೆ ಈ ಪ್ರತಿಕಾಯಗಳನ್ನೇ ಪತ್ತೆಹಚ್ಚುತ್ತದೆ. ನೆದರ್‌ಲೆಂಡ್ಸ್‌ನ ರಕ್ತದಾನಿಗಳ ಸಂಗ್ರಹಿತ ರಕ್ತವನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವು, ಮುಂದೆ ರೋಗಿಗಳಾದವರಲ್ಲಿ ಅನೇಕರ ರಕ್ತದಲ್ಲಿ ನೋವು ಆರಂಭವಾಗುವುದಕ್ಕೆ ವರ್ಷಗಳ ಮೊದಲೇ ರೋಗಸೂಚಕ ಪ್ರತಿಕಾಯಗಳು ಕಾಣಿಸಿಕೊಂಡಿದ್ದವೆಂದು ತೋರಿಸಿತು.

ಇಲ್ಲಿ ಸಮಾನ ಎಪಿಟೋಪ್‌ನ ಆಕಾರ ಅರ್ಥಪೂರ್ಣವಾಗುತ್ತದೆ. ಆ ಕುಳಿಯ ಒಂದು ಮೂಲೆ ಧನ ವಿದ್ಯುದಂಶವುಳ್ಳದ್ದು. ಆರ್ಜಿನಿನ್ ಕೂಡ ಧನ ವಿದ್ಯುದಂಶವುಳ್ಳದ್ದಾದುದರಿಂದ ಅಲ್ಲಿ ಕೂರಲು ತಡೆಯುಂಟಾಗುತ್ತದೆ. ಸಿಟ್ರುಲಿನ್ ವಿದ್ಯುದಂಶರಹಿತವಾದುದರಿಂದ ಸಲೀಸಾಗಿ ಕೂರುತ್ತದೆ. ಅಂದರೆ ಸಮಾನ ಎಪಿಟೋಪ್ ಉಳ್ಳವರ ಕೋಶಗಳು ಮಾರ್ಪಟ್ಟ ಚೂರುಗಳನ್ನು ಟಿ-ಕೋಶಗಳಿಗೆ ತೋರಿಸಲು ಹೆಚ್ಚು ಸಮರ್ಥವಾಗಿರುತ್ತವೆ. ಈ ವಿವರಣೆಯನ್ನು 2003ರ ಪ್ರಯೋಗಗಳೂ 2013ರಲ್ಲಿ ಪ್ರಕಟವಾದ ಅಣುರಚನೆಯ ಚಿತ್ರಗಳೂ ಸಮರ್ಥಿಸಿವೆ.

2006ರಲ್ಲಿ ಲೈಡನ್ ತಂಡ ಪ್ರಕಟಿಸಿದ ವಿಶ್ಲೇಷಣೆ ಹಳೆಯ ತಿಳಿವಳಿಕೆಯನ್ನು ತಿದ್ದಿತು. ಇನ್ನೂ ಯಾವ ರೋಗವೆಂದು ನಿರ್ಧಾರವಾಗದ ಸಂಧಿವಾತದೊಡನೆ ಬಂದವರನ್ನು ಪ್ರತಿಕಾಯವುಳ್ಳವರು, ಇಲ್ಲದವರು ಎಂದು ವಿಂಗಡಿಸಿ ನೋಡಿದಾಗ, ಅವರಲ್ಲಿ ಯಾರು ರುಮಟಾಯ್ಡ್ ಸಂಧಿವಾತದತ್ತ ಸಾಗುತ್ತಾರೆ ಎಂಬುದರಲ್ಲಿ ಸಮಾನ ಎಪಿಟೋಪ್‌ಗೆ ಸ್ವತಂತ್ರ ಪಾತ್ರ ಕಾಣಲಿಲ್ಲ. ಅದರ ಮುಖ್ಯ ಕೆಲಸ ಪ್ರತಿಕಾಯಗಳ ಹುಟ್ಟಿಗೆ ಎಡೆಮಾಡಿಕೊಡುವುದು. ಪ್ರತಿಕಾಯವುಳ್ಳ ರೋಗಿಗಳಲ್ಲಿ ಕೀಲುಗಳ ಸವೆತ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ದೃಢಪಟ್ಟಿದೆ. ರೋಗದ ಬರುವಿಕೆ ಮತ್ತು ಅದರ ತೀವ್ರತೆ ಎಂಬ ಎರಡು ಪ್ರಶ್ನೆಗಳು ಸಂಧಿಸುವ ಸ್ಥಳ ಇದೇ.

ಪರಿಸರವೂ ಇದೇ ಹಾದಿಯಲ್ಲಿ ಪ್ರವೇಶಿಸುತ್ತದೆ. ಸ್ವೀಡನ್ನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಂತೆ, ಧೂಮಪಾನ ಮಾಡದ ಮತ್ತು ಸಮಾನ ಎಪಿಟೋಪ್ ಇಲ್ಲದವರಿಗೆ ಹೋಲಿಸಿದರೆ, ಧೂಮಪಾನಿಗಳಾಗಿದ್ದು ಅದರ ಎರಡು ಪ್ರತಿಗಳನ್ನೂ ಹೊಂದಿರುವವರಲ್ಲಿ ಪ್ರತಿಕಾಯಸಹಿತ ರೋಗದ ಅಪಾಯ 21 ಪಟ್ಟು ಹೆಚ್ಚು. ಹೊಗೆಯಿಂದ ಶ್ವಾಸಕೋಶದಲ್ಲಿ ಸಿಟ್ರುಲಿನ್ ಮಾರ್ಪಾಡು ಹೆಚ್ಚುವುದೇ ಇದಕ್ಕೆ ಕಾರಣವಿರಬೇಕೆಂದು ಆ ವಿಜ್ಞಾನಿಗಳು ಸೂಚಿಸಿದರು. ಪ್ರತಿಕಾಯರಹಿತ ರೋಗದಲ್ಲಿ ಇಂಥ ಸಂಬಂಧ ಕಂಡುಬರಲಿಲ್ಲ. ಹುಟ್ಟಿನಿಂದ ಬಂದ ಅಂಶವೊಂದು ಬದುಕಿನ ರೂಢಿಯೊಂದನ್ನು ಸೇರಿ ಎಷ್ಟು ಬಲಗೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನಗಳು ಕಡಿಮೆ.

ಸಮಾನ ಎಪಿಟೋಪ್‌ನ ಚಿತ್ರವೂ ಕಾಲಕ್ರಮದಲ್ಲಿ ಸೂಕ್ಷ್ಮಗೊಂಡಿದೆ. ಡಿಆರ್‌ಬಿ1ರ 71 ಮತ್ತು 74ನೆಯ ಸ್ಥಾನಗಳ ಜೊತೆಗೆ, ಹಳೆಯ ವ್ಯಾಖ್ಯೆಯ ಹೊರಗಿದ್ದ 11ನೆಯ ಸ್ಥಾನವೂ ನಿರ್ಣಾಯಕವೆಂದು 2012ರಲ್ಲಿ ತಿಳಿಯಿತು. ಬ್ರಿಟನ್ನಿನ ರೋಗಿಗಳ ಸಮೂಹಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವು, ಆ ಸ್ಥಾನದಲ್ಲಿ ವ್ಯಾಲಿನ್ ಎಂಬ ಅಮೈನೋ ಆಮ್ಲವಿರುವವರಲ್ಲಿ ಮೂಳೆಯ ಸವೆತ ಹೆಚ್ಚು, ಮರಣದ ಅಪಾಯವೂ ಹೆಚ್ಚು ಎಂದು ತೋರಿಸಿತು. ಅದೇ ಅಧ್ಯಯನದಲ್ಲಿ ಕಂಡ ಮತ್ತೊಂದು ಸಂಗತಿ ಗಮನಾರ್ಹ: ಟಿಎನ್ಎಫ್ ತಡೆಯುವ ಔಷಧಗಳಿಗೆ ಉತ್ತಮವಾಗಿ ಸ್ಪಂದಿಸಿದವರೂ ಇದೇ ಗುಂಪಿನವರು. ಉಗ್ರತೆಯನ್ನು ಸೂಚಿಸುವ ವಂಶವಾಹಿಯೇ ಚಿಕಿತ್ಸೆಗೆ ಒಲಿಯುವ ಸೂಚನೆಯನ್ನೂ ಕೊಡುತ್ತಿದೆ.

ಉಳಿದ ವಂಶವಾಹಿಗಳು

ಎಚ್ಎಲ್ಎ ಹೊರತಾಗಿಯೂ ರೋಗದ ಬರುವಿಕೆಗೆ ಸಂಬಂಧಿಸಿದ ಅನೇಕ ವಂಶವಾಹಿಗಳು ಪತ್ತೆಯಾಗಿವೆ. ಸಿಟ್ರುಲಿನ್ ಮಾರ್ಪಾಡಿನ ಕಿಣ್ವವನ್ನು ರೂಪಿಸುವ ಪಿಎಡಿಐ4 ಜಪಾನಿನಲ್ಲಿ 2003ರಲ್ಲಿ, ಟಿ-ಕೋಶಗಳ ಚಟುವಟಿಕೆಯನ್ನು ಹದದಲ್ಲಿಡುವ ಪಿಟಿಪಿಎನ್22 2004ರಲ್ಲಿ ಬೆಳಕಿಗೆ ಬಂದವು. ಇಡೀ ಜೀನೋಮನ್ನು ಜಾಲಾಡುವ ವಿಧಾನ ಬಂದ ಮೇಲೆ ಪಟ್ಟಿ ವೇಗವಾಗಿ ಬೆಳೆಯಿತು. 2014ರ ವೇಳೆಗೆ ಇಂಥ ತಾಣಗಳು 101. 2022ರಲ್ಲಿ ಪ್ರಕಟವಾದ ಬಹುಜನಾಂಗೀಯ ವಿಶ್ಲೇಷಣೆಯಲ್ಲಿ 124.

ತೀವ್ರತೆಯ ವಂಶವಾಹಿಗಳ ಪಟ್ಟಿ ಇಷ್ಟು ಉದ್ದವಾಗಿಲ್ಲ. ಗ್ರಾಂಜೈಮ್-ಬಿ, ಇಂಟರ್‌ಲ್ಯೂಕಿನ್-15 ಮುಂತಾದವುಗಳ ರೂಪಭೇದಗಳು ಕೀಲುಗಳ ಸವೆತದ ವೇಗದೊಡನೆ ನಂಟು ಹೊಂದಿವೆಯೆಂದು ಲೈಡನ್ ಮತ್ತಿತರ ಕೇಂದ್ರಗಳ ಅಧ್ಯಯನಗಳು ಸೂಚಿಸಿವೆ. ಇವುಗಳಲ್ಲಿ ವಿಶೇಷ ಕುತೂಹಲ ಹುಟ್ಟಿಸುವುದು ಫಾಕ್ಸ್ಓ3. ಈ ವಂಶವಾಹಿಯ ಒಂದು ರೂಪ ಉಳ್ಳವರಲ್ಲಿ ಉರಿಯೂತದ ಸಂಕೇತಗಳು ಕಡಿಮೆಯಾಗಿ ಸಂಧಿವಾತ ಸೌಮ್ಯವಾಗಿರುತ್ತದೆ, ಆದರೆ ಮಲೇರಿಯ ಉಗ್ರವಾಗುತ್ತದೆ ಎಂದು 2013ರಲ್ಲಿ ತಿಳಿದುಬಂದಿತು. ರೋಗ ಬರುವುದಕ್ಕೂ ಈ ರೂಪಕ್ಕೂ ಸಂಬಂಧ ಕಾಣಲಿಲ್ಲ. ಬಂದ ರೋಗದ ಗತಿಯನ್ನಷ್ಟೇ ಅದು ಬದಲಿಸುತ್ತದೆ. ಎರಡು ಪ್ರಶ್ನೆಗಳೂ ಬೇರೆ ಎಂಬುದಕ್ಕೆ ಇದು ಉತ್ತಮ ಉದಾಹರಣೆ. ಸೋಂಕುಗಳ ನಡುವೆ ಬದುಕಿದ ಪೂರ್ವಿಕರಿಗೆ ನೆರವಾದ ಗುಣವೇ ಇಂದು ಕೀಲುಗಳಿಗೆ ಹೊರೆಯಾಗಿರಬಹುದೆಂಬ ಊಹೆಗೂ ಇದು ಎಡೆಕೊಡುತ್ತದೆ.

ಈ ಪಟ್ಟಿ ಬೆಳೆಯದಿರುವುದಕ್ಕೆ ಕಾರಣಗಳಿವೆ. ರೋಗವಿದೆಯೇ ಇಲ್ಲವೇ ಎಂದು ಗುರುತಿಸುವುದಕ್ಕಿಂತ ವರ್ಷಾನುಗಟ್ಟಲೆ ಎಕ್ಸ್-ರೇ ತೆಗೆದು ಅಂಕ ಹಾಕುವುದು ಶ್ರಮದ ಕೆಲಸ. ಆದುದರಿಂದ ಅಧ್ಯಯನಗಳು ಚಿಕ್ಕವು, ಒಂದೆಡೆ ಕಂಡದ್ದು ಇನ್ನೊಂದೆಡೆ ಕಾಣದೆ ಹೋಗುವುದೂ ಉಂಟು. ಅದಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯು ರೋಗದ ಸಹಜ ಗತಿಯನ್ನೇ ಬದಲಿಸಿಬಿಡುತ್ತದೆ. ಚಿಕಿತ್ಸೆ ಸುಧಾರಿಸಿದಂತೆಲ್ಲ ವಂಶವಾಹಿಗಳ ಪ್ರಭಾವ ಎಕ್ಸ್-ರೇಗಳಲ್ಲಿ ಮಸುಕಾಗುತ್ತ ಹೋಗುತ್ತದೆ. ಸಂಶೋಧಕನಿಗೆ ತೊಡಕಾದ ಈ ಸಂಗತಿ ರೋಗಿಯ ಪಾಲಿಗೆ ಶುಭವಾರ್ತೆ.

ಭಾರತೀಯ ಸಂದರ್ಭ

ಮೇಲಿನ ತಿಳಿವಳಿಕೆಯ ಬಹುಪಾಲು ಯೂರೋಪಿನ ಮೂಲದ ಜನರ ಅಧ್ಯಯನದಿಂದ ಬಂದದ್ದು. ಅದನ್ನು ಹಾಗೆಯೇ ಭಾರತಕ್ಕೆ ಅನ್ವಯಿಸುವುದು ಉಚಿತವಲ್ಲ. ಹರಿಯಾಣದ ಬಲ್ಲಭಗಢದ ಬಳಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯು ವಯಸ್ಕರಲ್ಲಿ ಈ ರೋಗದ ಪ್ರಮಾಣ ಶೇಕಡ 0.75 ಎಂದು ತಿಳಿಸಿತು. ಇದು ಯೂರೋಪಿನ ಪ್ರಮಾಣಕ್ಕೆ ಸಮೀಪವೇ. ಆದರೆ ಹಿಂದಿರುವ ವಂಶವಾಹಿಗಳ ರೂಪಗಳು ಭಿನ್ನ. ಯೂರೋಪಿನಲ್ಲಿ ಪ್ರಧಾನವಾದ ರೂಪ ಡಿಆರ್‌ಬಿ1*04:01. ಎನ್.ಕೆ. ಮೆಹ್ರಾ, ಎ.ಎನ್. ಮಾಳವೀಯ ಮತ್ತು ಸಂಗಡಿಗರ 1996ರ ಅಧ್ಯಯನದಲ್ಲಿ ಭಾರತೀಯ ರೋಗಿಗಳೊಡನೆ ನಂಟು ಕಂಡದ್ದು *04:05 ಮತ್ತು *10:01 ರೂಪಗಳಿಗೆ. ಇವೂ ಸಮಾನ ಎಪಿಟೋಪ್ ಹೊಂದಿರುವವೇ ಆದುದರಿಂದ ಮೂಲ ಪರಿಕಲ್ಪನೆ ಇಲ್ಲಿಯೂ ನಿಲ್ಲುತ್ತದೆ. ಆದರೆ ಅದನ್ನು ಹೊತ್ತ ರೂಪಗಳು ಬೇರೆ. ಯೂರೋಪಿನಲ್ಲಿ ಮುಖ್ಯವಾದ ಪಿಟಿಪಿಎನ್22ರ ಅಪಾಯಕಾರಿ ರೂಪ ಪೂರ್ವ ಏಷ್ಯದಲ್ಲಿ ಇಲ್ಲವೆನ್ನುವಷ್ಟು ವಿರಳ, ಭಾರತೀಯರಲ್ಲಿಯೂ ಯೂರೋಪಿಗಿಂತ ಬಹಳ ಕಡಿಮೆ. ಉತ್ತರ ಭಾರತೀಯರಲ್ಲಿ ಇಡೀ ಜೀನೋಮನ್ನು ಜಾಲಾಡಿದ 2013ರ ಅಧ್ಯಯನ ಎಆರ್‌ಎಲ್15 ಎಂಬ ಹೊಸ ವಂಶವಾಹಿಯನ್ನು ಗುರುತಿಸಿತು.

ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯು ದೇಶದ ವಿವಿಧ ಸಮುದಾಯಗಳ ಸುಮಾರು 10,000 ಮಂದಿಯ ಜೀನೋಮುಗಳನ್ನು ಓದಿದೆ. ಅದರ ದತ್ತಾಂಶ 2025ರಿಂದ ಸಂಶೋಧಕರಿಗೆ ತೆರೆದಿದೆ. ಯಾವ ರೂಪ ಯಾವ ಸಮುದಾಯದಲ್ಲಿ ಎಷ್ಟಿದೆ ಎಂಬುದನ್ನು ತಿಳಿಯಲು ಇದು ನೆರವಾಗುತ್ತದೆ. ಆದರೆ ತೀವ್ರತೆಯ ಪ್ರಶ್ನೆಗೆ ಇದೊಂದೇ ಸಾಲದು. ರೋಗದ ಆರಂಭದಿಂದಲೇ ರೋಗಿಗಳನ್ನು ಹಿಂಬಾಲಿಸುವ, ಲೈಡನ್ ಮತ್ತು ನಾರ್ಫೋಕ್ ಮಾದರಿಯ ದೀರ್ಘಕಾಲಿಕ ದಾಖಲೆಗಳು ಇಲ್ಲಿನ ಜನರನ್ನು ಕುರಿತು ಬೆಳೆಯಬೇಕು. ಜೀನೋಮನ್ನು ಕೆಲವೇ ದಿನಗಳಲ್ಲಿ ಓದಬಹುದು. ರೋಗದ ಗತಿಯನ್ನು ತಿಳಿಯಲು ವರ್ಷಗಳೇ ಬೇಕು.

ರೋಗಿಗೆ ಮತ್ತು ಕುಟುಂಬಕ್ಕೆ ಇದರ ಅರ್ಥ

ವಂಶವಾಹಿಗಳ ಪರೀಕ್ಷೆಯಿಂದ ಒಬ್ಬ ನಿರ್ದಿಷ್ಟ ರೋಗಿಯ ಮುಂದಿನ ಸ್ಥಿತಿಯನ್ನು ಹೇಳಬಹುದೇ ಎಂದರೆ, ಸದ್ಯಕ್ಕೆ ಇಲ್ಲ ಎಂಬುದೇ ಉತ್ತರ. ಸಮಾನ ಎಪಿಟೋಪ್ ಹೊಂದಿದ ಬಹುಪಾಲು ಜನರಿಗೆ ಈ ರೋಗ ಬರುವುದೇ ಇಲ್ಲ. ರೋಗ ಬಂದವರಲ್ಲಿ ಅದು ನೀಡುವ ಮಾಹಿತಿಯ ಹೆಚ್ಚಿನ ಭಾಗ ಅಗ್ಗವಾದ ಪ್ರತಿಕಾಯ ಪರೀಕ್ಷೆಯಿಂದಲೇ ದೊರೆಯುತ್ತದೆ. ರುಮಟಾಯ್ಡ್ ಫ್ಯಾಕ್ಟರ್ ಮತ್ತು ಸಿಟ್ರುಲಿನ್ ವಿರೋಧಿ ಪ್ರತಿಕಾಯಗಳ ಉನ್ನತ ಮಟ್ಟ, ಊದಿದ ಕೀಲುಗಳ ಸಂಖ್ಯೆ, ಆರಂಭದಲ್ಲಿಯೇ ಕಂಡ ಮೂಳೆಯ ಸವೆತ – ವೈದ್ಯರು ತೀವ್ರತೆಯನ್ನು ಊಹಿಸಲು ಅವಲಂಬಿಸುವುದು ಇವುಗಳನ್ನೇ.

ಇವೆಲ್ಲಕ್ಕಿಂತ ಮಿಗಿಲಾದ ಅಂಶ ಚಿಕಿತ್ಸೆ ಆರಂಭವಾಗುವ ಸಮಯ. ಲೈಡನ್ ತಂಡ 2010ರಲ್ಲಿ ಪ್ರಕಟಿಸಿದಂತೆ, ಲಕ್ಷಣಗಳು ಕಾಣಿಸಿದ 12 ವಾರಗಳ ಒಳಗೆ ತಜ್ಞರನ್ನು ಕಂಡವರಲ್ಲಿ ಕೀಲುಗಳ ಸವೆತ ಕಡಿಮೆ, ಔಷಧವಿಲ್ಲದೆಯೇ ರೋಗ ಶಮನದಲ್ಲಿರುವ ಸಾಧ್ಯತೆ ಹೆಚ್ಚು. ವಾರಕ್ಕೊಮ್ಮೆ ಸೇವಿಸುವ ಮೆಥೊಟ್ರೆಕ್ಸೇಟ್ ಇಂದಿಗೂ ಚಿಕಿತ್ಸೆಯ ಮೊದಲ ಆಧಾರ. ರೋಗ ಪೂರ್ಣವಾಗಿ ಪ್ರಕಟವಾಗುವ ಮೊದಲೇ ಅದನ್ನು ತಡೆಯುವ ಪ್ರಯತ್ನವೂ ನಡೆದಿದೆ: ಪ್ರತಿಕಾಯಗಳಿದ್ದು ಕೀಲುನೋವು ಆರಂಭವಾಗಿದ್ದವರಿಗೆ ಅಬಟಾಸೆಪ್ಟ್ ಎಂಬ ಔಷಧ ಕೊಟ್ಟು ನಡೆಸಿದ ಎರಡು ಪ್ರಯೋಗಗಳಲ್ಲಿ ಔಷಧ ಪಡೆಯುವ ಅವಧಿಯಲ್ಲಿ ರೋಗಕ್ಕೆ ತುತ್ತಾದವರ ಸಂಖ್ಯೆ ಕಡಿಮೆಯಾದುದು 2024ರಲ್ಲಿ ವರದಿಯಾಯಿತು.

ಕುಟುಂಬಗಳ ಆತಂಕವೂ ಇಲ್ಲಿ ಗಮನಕ್ಕೆ ಅರ್ಹ. ತಾಯಿಗೆ ಈ ರೋಗವಿದ್ದರೆ ಮಗಳಿಗೂ ಬಂದೇ ಬರುತ್ತದೆ ಎಂಬ ಭಯ ಮದುವೆಯ ಮಾತುಕತೆಯವರೆಗೂ ಚಾಚಿಕೊಳ್ಳುವುದುಂಟು. ಸಮೀಪದ ರಕ್ತಸಂಬಂಧಿಗಳಲ್ಲಿ ಅಪಾಯ ಉಳಿದವರಿಗಿಂತ ಕೆಲವು ಪಟ್ಟು ಹೆಚ್ಚು ಎಂಬುದು ನಿಜ. ಆದರೆ ಮೂಲ ಪ್ರಮಾಣವೇ ಶೇಕಡ 1ಕ್ಕಿಂತ ಕಡಿಮೆಯಿರುವಾಗ, ಕೆಲವು ಪಟ್ಟು ಹೆಚ್ಚಾದ ಮೇಲೆಯೂ ರೋಗಿಯ ಮಕ್ಕಳಲ್ಲಿ ಬಹುಪಾಲಿನವರು ಆರೋಗ್ಯವಾಗಿಯೇ ಇರುತ್ತಾರೆ. ಸಮರೂಪಿ ಅವಳಿಗಳ ಲೆಕ್ಕವೇ ಇದಕ್ಕೆ ಸಾಕ್ಷಿ.

ಒಟ್ಟಾರೆಯಾಗಿ ಹೇಳುವುದಾದರೆ, ಆರಂಭಿಕ ರುಮಟಾಯ್ಡ್ ಸಂಧಿವಾತದ ತೀವ್ರತೆಯಲ್ಲಿ ವಂಶವಾಹಿಗಳಿಗೆ ಗಣನೀಯ ಪಾಲಿದೆ. ಅದರ ಪರಿಚಿತ ಭಾಗ ಎಚ್ಎಲ್ಎ ಮತ್ತು ಪ್ರತಿಕಾಯಗಳ ಮೂಲಕ ಸಾಗುತ್ತದೆ. ಉಳಿದ ಭಾಗದ ಹೆಚ್ಚಿನ ಅಂಶ ಇನ್ನೂ ಶೋಧನೆಯ ವಸ್ತು. ಸಮರೂಪಿ ಅವಳಿಗಳ ಭಿನ್ನ ಪಾಡು, ಧೂಮಪಾನದ ಪ್ರಭಾವ, ಬೇಗನೆ ದೊರೆತ ಚಿಕಿತ್ಸೆಯ ಫಲ – ಈ ಮೂರೂ ಒಂದೇ ದಿಕ್ಕಿಗೆ ಬೊಟ್ಟುಮಾಡುತ್ತವೆ. ವಂಶವಾಹಿ ಸೂಚಿಸುವುದು ಒಲವನ್ನು ಮಾತ್ರ. ಗೆಣ್ಣು ಊದಿದ ಮೊದಲ ವಾರಗಳಲ್ಲಿ ರೋಗಿಯೂ ವೈದ್ಯರೂ ಏನು ಮಾಡುತ್ತಾರೆ ಎಂಬುದು ಆ ಒಲವಿನ ಪರಿಣಾಮವನ್ನು ಬಹುಮಟ್ಟಿಗೆ ಬದಲಿಸಬಲ್ಲದು.